ಅಂಗೈಗೆ ಒಂದು ಚಿಟಿಕೆ ಕಾಫಿಪುಡಿ

ನಿವೃತ್ತಿಯಾದ ಮೇಲೂ ನನಗೆ ಬಾಟಲಿಗಳ ಕನಸು ಬೀಳುತ್ತದೆ. ಅಗಲ ಬಾಯಿಯ ಗಾಜಿನ ಬಾಟಲಿಗಳು, ಒಂದೊಂದರ ಕತ್ತಿಗೂ ದಾರ, ದಾರದ ಗಂಟಿನ ಮೇಲೆ ಕೆಂಪು ಅರಗಿನ ಮುದ್ರೆ. ಅವೆಲ್ಲ ಲಕ್ಷ್ಮಣತೀರ್ಥ ಹೊಳೆಯ ಮೇಲೆ ಸಾಲಾಗಿ, ಯಾವ ಅವಸರವೂ ಇಲ್ಲದೆ ತೇಲಿ ಹೋಗುತ್ತಿರುತ್ತವೆ. ನಾನು ದಡದಲ್ಲಿ ನಿಂತು "ನಿಲ್ಲಿ, ಇನ್ನೂ ಸಾಕ್ಷಿ ಸಹಿ ಆಗಿಲ್ಲ" ಎಂದು ಕೂಗುತ್ತಿರುತ್ತೇನೆ. ಬೆಳಿಗ್ಗೆ ಎದ್ದು ಇದನ್ನು ಹೇಳಿದರೆ ನಮ್ಮ ಯಜಮಾನರಿಗೆ ನಗು. "ಸರ್ಕಾರ ನಿನ್ನ ಬುಟ್ರೂ ನೀನು ಸರ್ಕಾರಾನ ಬುಡಕಿಲ್ಲ ಕಣೆ" ಎನ್ನುತ್ತಾರೆ.

ನನ್ನ ಕೆಲಸ ಆಹಾರದ ಕಲಬೆರಕೆ ಹಿಡಿಯುವುದಾಗಿತ್ತು. ಸೇರಿದಾಗ ಆಹಾರ ನಿರೀಕ್ಷಕಿ ಎನ್ನುತ್ತಿದ್ದರು. ಬಿಡುವ ಹೊತ್ತಿಗೆ ಆಹಾರ ಸುರಕ್ಷತಾ ಅಧಿಕಾರಿ ಎಂದು ಹೆಸರು ಉದ್ದವಾಗಿತ್ತು, ಜೀಪು ಮಾತ್ರ ಹಳೆಯದೇ ಇತ್ತು. ಭೇರ್ಯದ ಬೇಸಾಯಗಾರರ ಮನೆಯ ಹುಡುಗಿ ನಾನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಬಿಟ್ಟು ಬೇರೆ ಕಡೆ ಕೆಲಸ ಮಾಡಲಿಲ್ಲ. ಈ ತಾಲ್ಲೂಕುಗಳ ಎಣ್ಣೆ, ಬೆಲ್ಲ, ಹಾಲು, ಕಾರದಪುಡಿ, ಕಾಫಿಪುಡಿ ಎಲ್ಲ ನನ್ನ ಬಾಟಲಿಗಳೊಳಗೆ ಹಾದು ಹೋಗಿವೆ.

ಮೊನ್ನೆ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಕೆ.ಆರ್. ನಗರದ ನಮ್ಮ ಮನೆಗೆ ಬಂದಿದ್ದರು. "ಈ ಕೆಲಸ ನಿಜವಾಗಿ ಹೇಗಿರುತ್ತೆ ಮೇಡಂ?" ಎಂದು ಕೇಳಿದರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಕಬ್ಬಿನ ಗದ್ದೆಯ ಮೇಲೆ ಬಿಸಿಲು ಇಳಿಯುತ್ತಿತ್ತು, ನನ್ನ ಮನಸ್ಸು ಎಲ್ಲೋ ಹೋಗಿಬಿಟ್ಟಿತು. ಅವರು ಕಾಫಿ ಕುಡಿದು ಉತ್ತರವಿಲ್ಲದೆ ಎದ್ದು ಹೋದರು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಪುರಾಣ ಇದರಲ್ಲಿಲ್ಲ. ಇದು ಬಹುಮಟ್ಟಿಗೆ ನನ್ನ ಗುರುಗಳಾದ ಶಿವನಂಜಯ್ಯ ಸಾರ್ ಅವರ ಎಡಗಾಲಿನ ಕತೆ. ಆ ಕಾಲು ಉಳಿಯುತ್ತದೆಯೋ ಇಲ್ಲವೋ ಎಂಬುದು ಒಂದು ತಣ್ಣನೆಯ ಕಾಫಿಯ ಮೇಲೆ ನಿಂತಿತ್ತು. ಅಲ್ಲಿಗೆ ತಲುಪಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಶಿವನಂಜಯ್ಯ ಸಾರ್ ನನ್ನ ಮೊದಲ ಮೇಲಧಿಕಾರಿ. ಪಿರಿಯಾಪಟ್ಟಣದ ಕಡೆಯವರು, ತಂಬಾಕು ಬೆಳೆಯುವ ಮನೆತನ. ಕುಳ್ಳಗೆ, ಕಪ್ಪಗೆ, ಮೀಸೆ ಬಿಟ್ಟುಕೊಂಡು, ಯಾವಾಗಲೂ ಬಿಳಿ ಅಂಗಿ ಹಾಕಿಕೊಂಡು ಇರುತ್ತಿದ್ದರು. ಅವರಿಗೆ ಕಚೇರಿಯಲ್ಲಿ ಕೂರುವುದೆಂದರೆ ಆಗದು. ನಾನು ಸೇರಿದ ಹೊಸದರಲ್ಲಿ ನನ್ನನ್ನು ಒಬ್ಬಳೇ ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿಗೆ ಕಳಿಸಿದರು. ಕೇರಳದ ಗಡಿಗೆ ಹತ್ತಿರದ ಊರು ಅದು. ಅಲ್ಲೊಬ್ಬ ಮಲಯಾಳಿ ಚೇಟನ ಅಂಗಡಿಯಿಂದ ಹಾಲು ಮತ್ತು ಕಾಫಿಪುಡಿಯ ಸ್ಯಾಂಪಲ್ ತರಬೇಕಿತ್ತು.

ಆ ಬೆಳಿಗ್ಗೆ ಕಾಡಿನ ಮೇಲೆ ಮಂಜು ಕೂತಿತ್ತು. ರಸ್ತೆಯ ಮೇಲೆ ಆನೆ ಲದ್ದಿ ಇನ್ನೂ ಹೊಗೆಯಾಡುತ್ತಿತ್ತು. ಚೇಟ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನಾನು ಬೇಡವೆನ್ನುವಷ್ಟರಲ್ಲಿ ಕಾಫಿ ತಂದಿಟ್ಟ. ಎದುರಿನ ಮರದಲ್ಲಿ ಯಾವುದೋ ಹಕ್ಕಿ ಒಂದೇ ರಾಗ ಎಳೆಯುತ್ತಿತ್ತು. ಅದನ್ನು ಕೇಳುತ್ತಾ ಕಾಫಿ ಕುಡಿದೆ, ಕೇಳುತ್ತಲೇ ಬಾಟಲಿ ತುಂಬಿದೆ, ಕೇಳುತ್ತಲೇ ಫಾರ್ಮಲಿನ್ ಹನಿಸಿದೆ. ಹಾಲಿನ ಸ್ಯಾಂಪಲ್ ಪ್ರಯೋಗಾಲಯ ಮುಟ್ಟುವ ತನಕ ಕೆಡದಿರಲೆಂದು ಫಾರ್ಮಲಿನ್ ಹನಿಸುವುದು ನಮ್ಮ ಪದ್ಧತಿ. ನಾನು ಅದನ್ನು ಕಾಫಿಪುಡಿಗೂ ಹನಿಸಿದ್ದೆ. ದಾರ ಕಟ್ಟಿ, ಅರಗು ಕರಗಿಸಿ, ಮುದ್ರೆ ಒತ್ತಿ, ಹಾಡಿಕೊಂಡೇ ವಾಪಸು ಬಂದೆ.

ಮೈಸೂರಿನ ಪ್ರಯೋಗಾಲಯದವರು ಸಾರ್‌ಗೆ ಫೋನ್ ಮಾಡಿದರು. ಸಾರ್ ನನ್ನನ್ನು ಕರೆದು, ಬೈಯದೆ, ಕುರ್ಚಿ ತೋರಿಸಿದರು.

"ಜಯಮ್ಮ, ಕಾಪಿ ಪುಡೀನ ಹೆಣ ಮಾಡ್ಬುಟ್ಟಿದ್ದೀಯಲ್ಲ ಕಣಮ್ಮ. ಇನ್ನು ನೂರು ವರ್ಷ ಆದ್ರೂ ಕೆಡಕಿಲ್ಲ ಅದು."

ನನಗೆ ಅಳು ಬಂತು. ಸಾರ್ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ನಗು ಮುಚ್ಚಿಕೊಂಡರು.

"ಅಳಬ್ಯಾಡ ಬುಡು. ನಿಂಗೆ ಕಣ್ಣು ಬುಟ್ಟುಕೊಂಡೇ ಕನಸು ಕಾಣೋ ಕಾಯಿಲೆ ಅದೆ. ಅದಕ್ಕೊಂದು ಮದ್ದು ಯೋಳ್ತೀನಿ. ಬಾಟ್ಲಿ ಮುಚ್ಚಳ ಬಿಚ್ಚೋಕೆ ಮುಂಚೆ ಒಂದು ಚಿಟಿಕೆ ಅಂಗೈಗೆ ಆಕಿಸ್ಕೊ. ಮೂಸು. ನಾಲ್ಗೆ ಮ್ಯಾಲಿಟ್ಟು ನೋಡು. ಕನಸು ಬುಟ್ಟು ಓಡೋಗ್ತದೆ."

ಆ ಪದ್ಧತಿ ಅವರದ್ದಲ್ಲ. ಅವರು ಅದನ್ನು ಕಲಿತದ್ದು ಹುಣಸೂರು ಪೇಟೆಯ ಬಾಷಾ ಸಾಹೇಬರ ಅಂಗಡಿಯಲ್ಲಿ.

ಬಾಷಾ ಸಾಹೇಬರದು ಕಾಫಿಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ. ಈಗಲೂ ಇದೆ. ಕೊಡಗಿನ ಬೀಜ ಬರುತ್ತದೆ, ಹಿಂದಿನ ಕೋಣೆಯಲ್ಲಿ ಹುರಿಯುತ್ತಾರೆ, ಮುಂದೆ ಯಂತ್ರ ಗುರ್ ಎನ್ನುತ್ತದೆ. ಬೀದಿಯ ಆ ತುದಿಯಿಂದಲೇ ಕಣ್ಣು ಮುಚ್ಚಿಕೊಂಡು ಬರಬಹುದು, ಮೂಗು ದಾರಿ ತೋರಿಸುತ್ತದೆ. ಅಲ್ಲಿ ಒಂದು ಕ್ರಮವಿತ್ತು. ಗಿರಾಕಿ ಬಂದು ಅಂಗೈ ಚಾಚಬೇಕು. ಸಾಹೇಬರು ಒಂದು ಚಿಟಿಕೆ ಪುಡಿ ಅದರ ಮೇಲಿಡುತ್ತಾರೆ. ಗಿರಾಕಿ ಮೂಸಿ, ನೆಕ್ಕಿ, ಹೂಂ ಎಂದ ಮೇಲೆಯೇ ಪೊಟ್ಟಣ ಕಟ್ಟುವುದು. ಮಗುವನ್ನು ಕಳಿಸಿದರೂ ಅಷ್ಟೆ, ಮಗುವಿನ ಅಂಗೈಗೂ ಚಿಟಿಕೆ ಬೀಳುತ್ತಿತ್ತು. ಅಂಗೈ ತೋರಿಸದೆ ಕೊಂಡವರು ನಾಳೆ ಬಂದು ದೂರು ಹೇಳುವಂತಿಲ್ಲ.

ಚಿಕೋರಿ ಬೆರೆಸುವುದು ತಪ್ಪಲ್ಲ, ಬೆರೆಸಿ ಹೇಳದಿರುವುದು ತಪ್ಪು. ನಮ್ಮ ಕಡೆಯವರಿಗೆ ಸ್ವಲ್ಪ ಚಿಕೋರಿ ಇಲ್ಲದಿದ್ದರೆ ಕಾಫಿ ಕಾಫಿಯಾಗಿ ಕಾಣುವುದೇ ಇಲ್ಲ. ಪುಸ್ತಕದ ಪ್ರಕಾರ ಪರೀಕ್ಷೆ ಸುಲಭ. ಲೋಟದ ತಣ್ಣೀರಿನ ಮೇಲೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ಕೆಳಗಿಳಿಯುತ್ತದೆ. ನಾನು ಎಷ್ಟೋ ಮಧ್ಯಾಹ್ನ ಆ ಗೆರೆಗಳನ್ನೇ ನೋಡುತ್ತಾ ಊಟ ಮರೆತಿದ್ದೇನೆ. ಸಾರ್‌ಗೆ ಲೋಟ ಬೇಕಿರಲಿಲ್ಲ. ಅಂಗೈಯಿಂದ ನಾಲಿಗೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, "ಮೂವತ್ತು" ಎನ್ನುತ್ತಿದ್ದರು. ನೂರರಲ್ಲಿ ಮೂವತ್ತು ಪಾಲು ಚಿಕೋರಿ ಎಂದರ್ಥ.

"ಅರೆ, ಸಾಬ್ ಬಾಯಲ್ಲಿ ತಕ್ಕಡಿ ಮಡಗವ್ರೆ ಕಣ್ರೀ" ಎಂದು ಬಾಷಾ ಸಾಹೇಬರು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು.

ಸಾರ್ ಮನೆಗೆ ಕೊಂಡೊಯ್ಯುತ್ತಿದ್ದುದು ಮಾತ್ರ ಯಾವಾಗಲೂ ಇಪ್ಪತ್ತು.

ಭೇರ್ಯದ ಸಂತೆಯಲ್ಲಿ ಒಬ್ಬ ಕಾಫಿಪುಡಿ ಮಾರುವವನಿದ್ದ. ಬಲು ಅಗ್ಗ, ಬಲು ಗಟ್ಟಿ ಡಿಕಾಕ್ಷನ್ ಎಂದು ಹೆಂಗಸರು ಮುತ್ತಿಕೊಳ್ಳುತ್ತಿದ್ದರು, ನನ್ನ ಅತ್ತಿಗೆಯೂ ಅವರಲ್ಲೊಬ್ಬಳು. ಸಾರ್ ಹೋಗಿ ಅಂಗೈ ಚಾಚಿದರು. ನೆಕ್ಕಿದವರೇ ನನ್ನ ಕಡೆ ತಿರುಗಿ, "ಹುಣಸೆಬೀಜ ಉರ್ದು ಪುಡಿ ಮಾಡವ್ನೆ. ಬಾಟ್ಲಿ ತಗಿ" ಎಂದರು. ಪ್ರಯೋಗಾಲಯವೂ ಅದನ್ನೇ ಹೇಳಿತು. ಅವನಿಗೆ ದಂಡ ಬಿತ್ತು. ಅತ್ತಿಗೆ ಮಾತ್ರ ನನ್ನ ಮೇಲೆ ಮುನಿಸಿಕೊಂಡು, "ಹುಣಸೆಬೀಜ ಆದ್ರೇನು, ಚಂದಾಗಿತ್ತಲ್ಲ. ನಿಂಗೆ ಊರವರ ಸುಖ ನೋಡಕ್ಕಾಗಲ್ಲ" ಎಂದಳು. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಬೇಕು. ಮೋಸ ಹೋದವರು ನಿಮಗೆ ಕೈ ಮುಗಿಯುವುದಿಲ್ಲ, ಬೈಯುತ್ತಾರೆ.

ಸಾರ್ ನಿವೃತ್ತರಾಗಿ ಹುಣಸೂರಿನಲ್ಲೇ ಮನೆ ಮಾಡಿದರು. ಆಮೇಲೆ ಕಾನೂನು ಬದಲಾಯಿತು. ಮೂರು ಪಾಲು ಮಾಡುತ್ತಿದ್ದ ಸ್ಯಾಂಪಲ್ ನಾಲ್ಕು ಪಾಲಾಯಿತು. ಅರಗಿನ ವಾಸನೆ ಹೋಗಿ ಮೊಬೈಲಿನ ಫೋಟೋ ಬಂತು. ಅಂಗಡಿಯವನ ಸಹಿಯ ಜೊತೆ ಅವನ ಅಂಗಡಿ ಭೂಪಟದಲ್ಲಿ ಎಲ್ಲಿದೆ ಎಂಬುದೂ ತಾನಾಗಿ ದಾಖಲಾಗತೊಡಗಿತು. ಅದು ಒಳ್ಳೆಯದೇ, ನನ್ನಂಥ ಕನಸುಗಾತಿ ಎಲ್ಲಿ ನಿಂತಿದ್ದಳು ಎಂದು ಫೋನಾದರೂ ನೆನಪಿಟ್ಟುಕೊಳ್ಳುತ್ತದೆ. ಆದರೆ ಹೊಸ ಪದ್ಧತಿಯಲ್ಲಿ ನಾಲಿಗೆಗೆ ಜಾಗವಿಲ್ಲ. ತರಬೇತಿಗೆ ಬಂದವರು "ಅಧಿಕಾರಿ ಯಾವುದನ್ನೂ ರುಚಿ ನೋಡತಕ್ಕದ್ದಲ್ಲ" ಎಂದರು. ನಾನು ತಲೆಯಾಡಿಸಿ, ಬಾಷಾ ಸಾಹೇಬರ ಅಂಗಡಿಯಲ್ಲಿ ಅಂಗೈ ಚಾಚುವುದನ್ನು ಮುಂದುವರಿಸಿದೆ.

ನನ್ನ ಕೊನೆಯ ವರ್ಷಗಳಲ್ಲಿ ಹುಣಸೂರಿನ ಹೆದ್ದಾರಿ ಬದಿಗೆ ಒಂದು ದೊಡ್ಡ ಕಾಫಿ ಅಂಗಡಿ ಬಂತು. ದೊಡ್ಡ ಊರುಗಳಲ್ಲೆಲ್ಲ ಶಾಖೆಗಳಿರುವಂಥದ್ದು. ಹೆಸರು ಬೇಡ. ಗಾಜಿನ ಗೋಡೆ, ಒಳಗೆ ತಂಪು, ಮೆತ್ತನೆಯ ಕುರ್ಚಿ, ಎತ್ತರದ ಲೋಟದಲ್ಲಿ ಬೆಟ್ಟದಂತೆ ಎದ್ದ ಬಿಳಿ ನೊರೆ, ನೊರೆಯ ಮೇಲೆ ಕಂದು ಪಾಕದ ಗೆರೆ. ಕೊಡಗಿಗೆ ಹೋಗುವ ಕಾರುಗಳು ಸಾಲಾಗಿ ನಿಂತಿರುತ್ತಿದ್ದವು. ಆಮೇಲಾಮೇಲೆ ಊರಿನವರೂ ಹೋಗತೊಡಗಿದರು. ತಂಬಾಕು ಹರಾಜು ಮುಗಿಸಿ ಬಂದ ರೈತರು ಚಪ್ಪಲಿ ಬಾಗಿಲಲ್ಲಿ ಬಿಡಬೇಕೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತು ಯೋಚಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಅಲ್ಲಿ ಕಾಫಿ ಮಾಡಲು ಸೇರಿದ್ದವಳು ನಾಜಿಯಾ, ಬಾಷಾ ಸಾಹೇಬರ ಕಿರಿ ಮಗಳು. ಡಿಗ್ರಿ ಮುಗಿಸಿದ್ದಳು. ಅಪ್ಪ "ಮನೇಲೇ ಕಾಪಿ ಅಂಗ್ಡಿ ಮಡೀಕೊಂಡು ಇನ್ನೊಬ್ರ ಅಂಗ್ಡೀಲಿ ಕಾಪಿ ಮಾಡೋದಾ?" ಎಂದು ಗೊಣಗಿದರೂ, ಸಂಬಳದ ಕೆಲಸ, ಚಂದದ ಅಂಗಿ, ತಡೆಯಲಿಲ್ಲ.

ಒಂದು ದಿನ ಆ ಅಂಗಡಿಯ ಸ್ಯಾಂಪಲ್ ತೆಗೆಯಲು ಹೋದೆ. ಕ್ಯಾರಮೆಲ್ ಹಾಕಿದ ತಣ್ಣನೆಯ ಕಾಫಿ ಕೇಳಿದೆ. ನಾಜಿಯಾ ಲೋಟ ಮೇಜಿನ ಮೇಲಿಟ್ಟಳು. ಸಾಕ್ಷಿಗೆ ನಿಲ್ಲಲು ಯಾರೂ ಒಪ್ಪಲಿಲ್ಲ, ಸ್ಯಾಂಪಲ್‌ಗೆ ಸಾಕ್ಷಿ ಎಂದರೆ ಕೋರ್ಟು ಎಂದು ಎಲ್ಲರೂ ಜಾರಿಕೊಳ್ಳುವುದು ಇದ್ದದ್ದೇ. ಕಾಯುತ್ತಾ ಕಾಯುತ್ತಾ ನನ್ನ ಕಣ್ಣು ಆ ಲೋಟದ ಮೇಲೆ ನೆಟ್ಟಿತು. ಐಸ್ ಕರಗಿತು. ಕಂದು ಬಣ್ಣ ನಿಧಾನವಾಗಿ ಬೇರೆಯಾಯಿತು. ತಳದಲ್ಲಿ ದಪ್ಪ ಪಾಕ, ನಡುವೆ ಬಣ್ಣಗೆಟ್ಟ ನೀರು. ಮೇಲಿನ ಬಿಳಿ ಬೆಟ್ಟ ಮಾತ್ರ ಒಂದಿಷ್ಟೂ ಕುಸಿಯದೆ ನಿಂತಿತ್ತು. ಹಾಲಿನ ಕೆನೆಯಾಗಿದ್ದರೆ ಇಷ್ಟು ಹೊತ್ತಿಗೆ ಇಳಿದುಹೋಗಬೇಕಿತ್ತು.

"ಸಂಜೆವರ್ಗೂ ಹಂಗೇ ಇರ್ತದೆ ಮೇಡಂ" ಎಂದಳು ನಾಜಿಯಾ, ಹೆಮ್ಮೆಯಿಂದ.

ಅದು ಗಟ್ಟಿ ಮಾಡಿದ ತಾಳೆ ಎಣ್ಣೆಯ ಕೆನೆ. ಜೊತೆಗೆ ಸಕ್ಕರೆ ಪಾಕ, ಬಣ್ಣ, ಪರಿಮಳ, ಕೆಡದಂತೆ ಹಾಕುವ ಪದಾರ್ಥ. ಪ್ರಯೋಗಾಲಯದ ವರದಿ ಬಂತು. ಎಲ್ಲವೂ ಮಾನದಂಡಕ್ಕೆ ಅನುಗುಣ. ನಾನು ವರದಿ ಹಿಡಿದುಕೊಂಡು ಮೇಲಧಿಕಾರಿಯ ಬಳಿ ಹೋದೆ. ನನಗಿಂತ ಬಹಳ ಚಿಕ್ಕವನು, ಒಳ್ಳೆಯ ಹುಡುಗ.

"ಮೇಡಂ, ಇದ್ರಲ್ಲಿ ಕಲಬೆರಕೆ ಎಲ್ಲಿದೆ? ಸಕ್ಕರೆ ಹಾಕೋದು ಅಪರಾಧ ಅಲ್ಲ, ಎಣ್ಣೆ ಹಾಕೋದೂ ಅಲ್ಲ. ಏನೇನು ಹಾಕಿದ್ದಾರೋ ಪ್ಯಾಕೆಟ್ ಮೇಲೆ ಬರೆದವ್ರೆ. ಕುಡಿಯೋರು ಕುಡೀತಾರೆ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಕಾನೂನು ಸುಳ್ಳನ್ನು ಹಿಡಿಯುತ್ತದೆ, ಸಿಹಿಯನ್ನು ಹಿಡಿಯುವುದಿಲ್ಲ. ಸಂತೆಯ ಹುಣಸೆಬೀಜದವನ ನೆನಪಾಯಿತು. ಅವನ ಪುಡಿಯಿಂದ ಯಾರ ಆರೋಗ್ಯವೂ ಅಷ್ಟೇನೂ ಕೆಟ್ಟಿರಲಿಕ್ಕಿಲ್ಲ. ಪಾಪ, ಅವನಿಗೆ ದಂಡ ಹಾಕಿಸಿದ್ದೆವು. ನಾನು ವರದಿಯನ್ನು ಕಡತಕ್ಕೆ ಸೇರಿಸಿ, ಕೆಲ ತಿಂಗಳಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಬಂದೆ.

ಹೀಗೆ ಮನೆಯಲ್ಲಿ ಕೂತು ಕಬ್ಬಿನ ಗದ್ದೆ ನೋಡುತ್ತಿದ್ದಾಗ ಸಾರ್ ಅವರ ಹೆಂಡತಿ ಗೌರಕ್ಕನ ಫೋನ್ ಬಂತು.

"ಜಯಾ, ಇವರ ಕಾಲು ಕಣವ್ವ. ಹೊಸ ಚಪ್ಪಲಿ ಕಚ್ಚಿ ಗಾಯ ಆಗಿತ್ತು, ಮಾಯ್ತಾನೇ ಇಲ್ಲ. ಮೈಸೂರಿನ ಡಾಕ್ಟ್ರು ಸುಗರ್ರು ಇಳೀದಿದ್ರೆ ಬೆರಳು ತಗೀಬೇಕು, ಆಮೇಲೆ ಪಾದಾನೇ ತಗೀಬೇಕಾಯ್ತದೆ ಅಂತವ್ರೆ."

ಸಾರ್‌ಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಆದರೆ ಅವರಷ್ಟು ಪಥ್ಯ ಮಾಡುವವರನ್ನು ನಾನು ಕಂಡಿಲ್ಲ. ರಾಗಿ ಮುದ್ದೆ, ಸೊಪ್ಪಿನ ಸಾರು, ಹೊತ್ತಿಗೆ ಸರಿಯಾಗಿ ಮಾತ್ರೆ. ಗೌರಕ್ಕ ಮನೆಯಲ್ಲಿ ಸಕ್ಕರೆ ಡಬ್ಬವನ್ನೇ ಇಟ್ಟಿರಲಿಲ್ಲ. ಮತ್ತೆ ಸಕ್ಕರೆ ಎಲ್ಲಿಂದ ಏರುತ್ತಿದೆ?

ಮರುದಿನವೇ ಹುಣಸೂರಿಗೆ ಹೋದೆ. ದಾರಿಯಲ್ಲಿ ಬಾಷಾ ಸಾಹೇಬರಲ್ಲಿ ಸಾರ್‌ಗೆಂದು ಅವರ ಮಾಮೂಲಿ ಪುಡಿ ಕಟ್ಟಿಸಿಕೊಂಡೆ. ಸಾರ್ ಜಗುಲಿಯಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಪಾದದ ತುಂಬ ಬಿಳಿ ಬಟ್ಟೆ. ಹಳೆಯ ರೂಢಿಯಂತೆ, "ಸಾರ್, ಅಂಗೈ" ಎಂದು ಒಂದು ಚಿಟಿಕೆ ಇಟ್ಟೆ. ನೆಕ್ಕಿದವರೇ ಮುಖ ಹುಳ್ಳಗೆ ಮಾಡಿದರು.

"ಏನಮ್ಮ ಇದು, ಬೂದಿ ತಂದಿದ್ದೀಯಲ್ಲ. ಬರೀ ಕಹಿ."

"ಚಿಕೋರಿ ಎಷ್ಟದೆ ಸಾರ್?"

ಸಾರ್ ನಾಲಿಗೆ ಆಡಿಸಿದರು. ಮತ್ತೆ ಆಡಿಸಿದರು. ನನ್ನ ಕಡೆ ನೋಡದೆ, "ಯಾರಿಗ್ಗೊತ್ತು ಬುಡು" ಎಂದರು.

ಕಾಲಿನ ಬಟ್ಟೆ ನೋಡಿದಾಗಲೂ ನನಗೆ ಇಷ್ಟು ಹೆದರಿಕೆಯಾಗಿರಲಿಲ್ಲ. ಆ ನಾಲಿಗೆ ನಮ್ಮ ಪ್ರಯೋಗಾಲಯವಾಗಿತ್ತು, ನನ್ನ ಶಾಲೆಯಾಗಿತ್ತು. ಅದು ಎಲ್ಲಿ ಹೋಯಿತು? ಏನೋ ಒಂದು ಅದನ್ನು ಜೋಗುಳ ಹಾಡಿ ಮಲಗಿಸಿಬಿಟ್ಟಿದೆ ಎನ್ನಿಸಿತು.

ಸಂಜೆಯಾಗುತ್ತಿದ್ದಂತೆ ಸಾರ್ ಗೆಲುವಾದರು. ಬಿಳಿ ಅಂಗಿ ಹಾಕಿಕೊಂಡರು. "ಬಾ ಜಯಮ್ಮ, ನಿಂಗೊಂದು ಒಳ್ಳೆ ಕಾಪಿ ಕುಡಿಸ್ತೀನಿ" ಎಂದು ಆಟೋ ಕರೆಸಿದರು. ಗೌರಕ್ಕ ಬಾಗಿಲಲ್ಲಿ ನಿಂತು, "ದಿನಾ ಹೋಯ್ತಾರೆ. ಅಲ್ಲಿ ಹೋಗಿ ಬಂದ್ರೆ ಮಕ ಅರಳಿರ್ತದೆ. ವಿತೌಟೇ ಕುಡೀತಾರೆ, ನಾನು ಕೇಳ್ಕೊಂಡಿವ್ನಿ" ಎಂದರು. ನಮ್ಮ ಕಡೆ ಸಕ್ಕರೆ ಕಾಯಿಲೆಯವರು ಹೋಟೆಲಿನಲ್ಲಿ ವಿತೌಟ್ ಎಂದರೆ ಸಾಕು, ಸಕ್ಕರೆ ಹಾಕದ ಕಾಫಿ ಬರುತ್ತದೆ. ಎಷ್ಟೋ ವರ್ಷದಿಂದ ನಡೆದುಬಂದ ಕ್ರಮ. ಯಾವ ಹೋಟೆಲಿನವನೂ ಇದರಲ್ಲಿ ಮೋಸ ಮಾಡಿದ್ದಿಲ್ಲ.

ಆಟೋ ನಿಂತದ್ದು ಆ ಗಾಜಿನ ಅಂಗಡಿಯ ಮುಂದೆ.

ಒಳಗೆ ಹೋದರೆ ಹೊರಗಿನ ಸದ್ದೆಲ್ಲ ನಿಂತುಹೋಯಿತು. ಕಿಟಕಿಯ ಪಕ್ಕದ ಕುರ್ಚಿ ಸಾರ್‌ದು. ಅಲ್ಲಿ ಕೂತರೆ ಲಾರಿಗಳು ಸದ್ದಿಲ್ಲದೆ ತೇಲಿದಂತೆ ಹೋಗುತ್ತವೆ, ಆಚೆಗೆ ಮುಳುಗುವ ಸೂರ್ಯ. ಎಚ್ಚರದಲ್ಲೇ ಮಲಗಿದಂತೆ ಆಗುವ ಜಾಗ. ಸ್ವಲ್ಪ ಹೊತ್ತಿಗೆ ನಾಜಿಯಾ ಗಟ್ಟಿ ದನಿಯಲ್ಲಿ "ಶಿವನಂಜಯ್ಯ ಸಾರ್!" ಎಂದು ಕೂಗಿದಳು. ಲೋಟದ ಮೇಲೂ ಅವರ ಹೆಸರು ಬರೆದಿತ್ತು. ಸಾರ್ ಕೈಯೆತ್ತಿದರು. ಆ ಕೈಯೆತ್ತುವುದರಲ್ಲಿ ನನಗೆ ಎಲ್ಲ ಅರ್ಥವಾಯಿತು. ಒಂದು ಕಾಲದಲ್ಲಿ ಈ ತಾಲ್ಲೂಕಿನ ಅಂಗಡಿಯವರೆಲ್ಲ ಎದ್ದು ನಿಂತು ಕರೆಯುತ್ತಿದ್ದ ಹೆಸರು ಅದು. ಈಗ ಯಾರೂ ಕರೆಯುವುದಿಲ್ಲ. ಗೌರಕ್ಕ ಹಳೆಯ ಕಾಲದವರು, ಗಂಡನ ಹೆಸರನ್ನು ಬಾಯಲ್ಲಿ ಹೇಳುವವರಲ್ಲ.

ಎತ್ತರದ ಲೋಟ, ಕಂದು ಬಣ್ಣ, ಮೇಲೆ ಬಿಳಿ ಬೆಟ್ಟ. ಸಾರ್ ಒಂದು ಗುಟುಕು ಎಳೆದು ಕಣ್ಣು ಮುಚ್ಚಿದರು.

"ಸಾರ್," ಎಂದೆ ಆ ಹಳೆಯ ವರದಿ ನೆನಪಾಗಿ, "ಇದ್ರಲ್ಲಿ ಸಕ್ಕರೆ ಅದೆ."

ಅವರ ಮುಖ ಕಪ್ಪಿಟ್ಟಿತು. "ನಂಗೇ ಪಾಠ ಯೋಳ್ತೀಯಾ? ವಿತೌಟ್ ಅಂತ ಯೋಳೇ ತಕೊಳ್ಳೋದು. ಬಾಷಾನ ಮಗಳು ಕಣಮ್ಮ ಅವಳು. ನಂಗೆ ಸುಳ್ಳು ಯೋಳ್ತಾಳಾ?"

ನಾಜಿಯಾಗೆ ಕೇಳಿಸಿತು. ಕಣ್ಣು ತುಂಬಿಕೊಂಡು ಹತ್ತಿರ ಬಂದಳು. "ದೇವ್ರಾಣೆ ಮೇಡಂ, ಸಾರ್‌ಗೆ ಯಾವತ್ತೂ ಶುಗರ್ ಪಂಪ್ ಒತ್ತಿಲ್ಲ. ಕ್ಯಾರಮೆಲ್ಲೂ ಹಾಕಲ್ಲ. ಬರೀ ಪುಡಿ, ಹಾಲು, ಐಸು, ಮೇಲೆ ಕ್ರೀಮು."

"ಆ ಪುಡಿ ಎಂಥದ್ದು ಮಗ?"

"ಕಂಪನಿಯಿಂದ ಪ್ಯಾಕೆಟ್ಟಲ್ಲಿ ಬರ್ತದೆ. ಅಳತೆ ಚಮಚದಲ್ಲಿ ಹಾಕೋದು ಅಷ್ಟೆ."

"ನೀನು ನಾಲಿಗೆ ಮೇಲಿಟ್ಟು ನೋಡಿದ್ದೀಯಾ?"

ಅವಳು ನನ್ನನ್ನೇ ನೋಡಿದಳು. ಅಪ್ಪನ ಅಂಗಡಿಯ ಪುಡಿಯ ಮೂಟೆಗಳ ನಡುವೆ ಆಡಿ ಬೆಳೆದ ಹುಡುಗಿ. "ಇಲ್ಲಿ ಯಾವ್ದನ್ನೂ ನೆಕ್ಕೋ ಹಂಗಿಲ್ಲ ಮೇಡಂ, ರೂಲ್ಸು" ಎಂದಳು, ತನಗೇ ಹೇಳಿಕೊಂಡಂತೆ. ಆಮೇಲೆ ಒಳಗೆ ಹೋಗಿ ಅಳತೆ ಚಮಚದ ತುಂಬ ಪುಡಿ ತಂದಳು. ಮೊದಲು ತನ್ನ ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿದಳು. ಅವಳ ಮುಖದ ಬಣ್ಣ ಇಳಿಯಿತು. ಚಮಚ ಹಿಡಿದು ಸಾರ್ ಮುಂದೆ ನಿಂತಳು.

ಸಾರ್ ಅಂಗೈ ಚಾಚಿದರು. ಯಾರೂ ಹೇಳಿರಲಿಲ್ಲ. ಪುಡಿ ಹಿಡಿದು ಎದುರಿಗೆ ಯಾರಾದರೂ ನಿಂತರೆ ಆ ಕೈ ತಾನಾಗಿ ಮುಂದೆ ಬರುತ್ತದೆ. ನಾಜಿಯಾ ಚಿಟಿಕೆ ಇಟ್ಟಳು. ತಿಳಿ ಕಂದು, ಬಹುಪಾಲು ಬಿಳಿ, ಹಿಟ್ಟಿನಷ್ಟು ನುಣುಪು. ಸಾರ್ ಮೂಸಿದರು. ನಾಲಿಗೆಗೆ ಮುಟ್ಟಿಸಿದರು. ಎಷ್ಟೋ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು. ಹೊರಗೆ ಲಾರಿಗಳು ಸದ್ದಿಲ್ಲದೆ ಹೋಗುತ್ತಿದ್ದವು.

"ಇದ್ರಲ್ಲಿ ಕಾಪಿ ಎಲ್ಲದೆ ಕಣಮ್ಮ?" ಎಂದರು ಕೊನೆಗೆ.

ನಾಜಿಯಾ ಪ್ಯಾಕೆಟ್ ತಂದು ಸಣ್ಣ ಅಕ್ಷರಗಳನ್ನು ಓದಿದಳು. ಯಾವುದು ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲು ಸಕ್ಕರೆ. ಆಮೇಲೆ ಹಾಲಿನ ಪುಡಿ, ಗ್ಲೂಕೋಸ್, ಗಟ್ಟಿ ಮಾಡಿದ ಎಣ್ಣೆ. ಕಾಫಿ ಬಂದದ್ದು ಬಣ್ಣ, ಪರಿಮಳಗಳ ಹತ್ತಿರ, ಸಾಲಿನ ಬಾಲದಲ್ಲಿ. ಯಾರೂ ಸುಳ್ಳು ಹೇಳಿರಲಿಲ್ಲ. ಹುಡುಗಿ ಸಕ್ಕರೆ ಹಾಕಿರಲಿಲ್ಲ, ಕಂಪನಿ ಬಚ್ಚಿಟ್ಟಿರಲಿಲ್ಲ, ಸಾರ್ ಪಥ್ಯ ತಪ್ಪಿಸಿರಲಿಲ್ಲ. ಕಾಫಿಪುಡಿ ಎಂದರೆ ಕಹಿಯಾಗಿರುತ್ತದೆ, ಸಕ್ಕರೆ ಬೇರೆ ಡಬ್ಬದಲ್ಲಿರುತ್ತದೆ ಎಂದೇ ನಾವೆಲ್ಲ ನಂಬಿ ಬದುಕಿದವರು. ಪುಡಿಯೇ ಸಕ್ಕರೆಯಾಗಿರಬಹುದು ಎಂದು ಸಾರ್‌ಗೂ ನಾಜಿಯಾಗೂ ಹೊಳೆದಿರಲಿಲ್ಲ. ಅದೂ ಕಾಫಿಪುಡಿಯ ಮಧ್ಯೆಯೇ ಜೀವಮಾನ ಕಳೆದವರಿಗೆ.

ಸಾರ್ ಅಂಗೈ ಮುಚ್ಚಿ ತೆರೆದು ನೋಡಿದರು. "ಅಂಟ್ತಾ ಅದೆ" ಎಂದರು. ನಾಜಿಯಾ ನೀರು ತಂದು ಅವರ ಕೈ ತೊಳೆದಳು. ತೊಳೆಯುತ್ತಾ ತೊಳೆಯುತ್ತಾ ಅತ್ತಳು. "ದಿನಾ ನಾನೇ ಕೊಟ್ಟೆ ಸಾರ್, ನಾನೇ ಕೊಟ್ಟೆ."

"ನೀನೇನ್ ಮಾಡ್ದೆ ಮಗ. ಅಂಗೈ ಚಾಚದೆ ಕುಡಿದೋನು ನಾನು" ಎಂದರು ಸಾರ್. ನನಗೂ ತಡೆಯಲಾಗಲಿಲ್ಲ. ಆ ಮೆತ್ತನೆಯ ಕುರ್ಚಿಗಳ ನಡುವೆ ಮೂವರೂ ಅಳುತ್ತಾ ನಿಂತದ್ದನ್ನು ಕೊಡಗಿಗೆ ಹೋಗುವ ಪ್ರವಾಸಿಗಳು ವಿಚಿತ್ರವಾಗಿ ನೋಡಿದರು.

ಅದಾದ ಮೇಲೆ ಸಾರ್ ಅಲ್ಲಿಗೆ ಹೋಗಲಿಲ್ಲ. ಸಕ್ಕರೆ ಮೆಲ್ಲಮೆಲ್ಲಗೆ ಇಳಿಯಿತು. ಆದರೆ ಗಾಯ ಮಾಯಲು ತಡವಾಗಿ ಒಪ್ಪಿಕೊಂಡಿತು. ಕಿರುಬೆರಳು ತೆಗೆಯಬೇಕಾಯಿತು. ಪಾದ ಉಳಿಯುತ್ತದೆಯೇ ಎಂದು ಇನ್ನೂ ಹೇಳಲಾಗದು ಎಂದರು ಡಾಕ್ಟರು. ಆ ದಿನಗಳಲ್ಲಿ ಸಾರ್ ಗೌರಕ್ಕ ಮಾಡಿದ ಕಾಫಿ ಮುಟ್ಟುತ್ತಿರಲಿಲ್ಲ, ಕಹಿ ಎಂದು ತಳ್ಳುತ್ತಿದ್ದರು. "ನಿದ್ದೇಲಿ ಕೈ ಚಾಚ್ತಾರೆ ಕಣವ್ವ. ಏನು ಬೇಕೋ ತಿಳೀದು. ನಾನು ನನ್ನ ಕೈ ಮಡುಗ್ತೀನಿ, ಹಿಡ್ಕೊಂಡು ಮಲಗ್ತಾರೆ" ಎಂದು ಗೌರಕ್ಕ ಒಮ್ಮೆ ಹೇಳಿದರು. ಅದನ್ನು ಕೇಳಿ ಬಸ್ಸಿನಲ್ಲಿ ಕೆ.ಆರ್. ನಗರದ ತನಕ ನಾನು ಕಿಟಕಿಯಾಚೆ ಏನನ್ನೂ ನೋಡಲಿಲ್ಲ.

ನಾಜಿಯಾ ಕೆಲಸ ಬಿಡಲಿಲ್ಲ. ವಿತೌಟ್ ಎಂದು ಬಂದವರಿಗೆಲ್ಲ ಅಂಗೈ ಚಾಚಿ ಎನ್ನತೊಡಗಿದಳು. ಮೈಸೂರಿನಿಂದ ಬಂದ ಅವಳ ಮೇಲಿನವನು ಅಂಗೈಗೆ ಹಾಕುವುದು ಶುಚಿಯಲ್ಲ ಎಂದು ಗದರಿದ. ಈಗ ಚಿಕ್ಕ ಕಾಗದದ ಬಟ್ಟಲಲ್ಲಿ ಹಾಕಿ ಕೊಡುತ್ತಾಳೆ. ನೆಕ್ಕಿದವರಲ್ಲಿ ಹೆಚ್ಚಿನವರು ಬರೀ ಡಿಕಾಕ್ಷನ್ ಸಾಕು ಎನ್ನುತ್ತಾರಂತೆ. ಇದು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. "ಕೆಲಸ ಹೋದ್ರೆ ಅಪ್ಪನ ಮಿಷಿನ್ ಅದೆಯಲ್ಲ ಮೇಡಂ" ಎನ್ನುತ್ತಾಳೆ. ಹೊಸದಾಗಿ ಇಲಾಖೆಗೆ ಸೇರಿರುವ ಹುಡುಗಿಯರೇ, ನಾನು ಅಷ್ಟು ವರ್ಷ ಮುದ್ರೆ ಒತ್ತಿ ಮಾಡಲಾಗದ್ದನ್ನು ಈ ಹುಡುಗಿ ಒಂದು ಚಮಚದಲ್ಲಿ ಮಾಡುತ್ತಿದ್ದಾಳೆ. ಕಾನೂನು ಕೈಬಿಟ್ಟ ಕಡೆಯೂ ನಿಮಗೆ ಕೆಲಸವಿರುತ್ತದೆ.

ಬಾಷಾ ಸಾಹೇಬರೂ ಸುಮ್ಮನಿರಲಿಲ್ಲ. ಸಾರ್ ಸ್ವಲ್ಪ ಓಡಾಡುವಂತಾದ ಮೇಲೆ ಆಟೋ ಕಳಿಸಿ ಅಂಗಡಿಗೆ ಕರೆಸಿಕೊಳ್ಳತೊಡಗಿದರು. ಯಂತ್ರ ನಿಲ್ಲಿಸಿ, ಪೇಟೆ ಬೀದಿಗೆಲ್ಲ ಕೇಳುವಂತೆ "ಶಿವನಂಜಯ್ಯ ಸಾರ್!" ಎಂದು ಕೂಗುತ್ತಾರೆ. ಸಾರ್ "ಸುಮ್ಕಿರೋ ಬಾಷಾ" ಎಂದು ನಾಚಿಕೊಂಡು ಬೆಂಚಿನ ಮೇಲೆ ಕೂರುತ್ತಾರೆ. ಆದರೆ ಮೊದಮೊದಲು ಪುಡಿ ಮಾತ್ರ ನೆಕ್ಕುತ್ತಿರಲಿಲ್ಲ. ಹೆದರಿಕೆ ಎಂದು ನನಗೆ ತಿಳಿಯುತ್ತಿತ್ತು. ಮತ್ತೆ ಏನೂ ಗೊತ್ತಾಗದಿದ್ದರೆ ಎಂಬ ಹೆದರಿಕೆ.

ಹೋದ ತಿಂಗಳು ಹುಣಸೂರಿಗೆ ಹೋಗಿದ್ದೆ. ಪಾದ ಉಳಿಯಿತು ಎಂದು ಡಾಕ್ಟರು ಹೇಳಿ, ಕಾಲಿನ ಬಟ್ಟೆ ಬಿಚ್ಚಿದ್ದ ವಾರ ಅದು. ಬಾಷಾ ಸಾಹೇಬರ ಅಂಗಡಿಯಲ್ಲಿ ಇಳಿದೆ. ಅವರು ಎಂದಿನಂತೆ ಇಪ್ಪತ್ತು ಬೆರೆಸಲು ಹೋದಾಗ ತಡೆದು, "ಇವತ್ತು ಇಪ್ಪತ್ತೈದು ಹಾಕಿ ಸಾಹೇಬ್ರೆ" ಎಂದೆ. ಅವರು ನನ್ನ ಮುಖ ನೋಡಿ ಹಾಕಿಕೊಟ್ಟರು.

ಮಧ್ಯಾಹ್ನದ ಹೊತ್ತು. ಸಾರ್ ಜಗುಲಿಯ ಚಾಪೆಯ ಮೇಲೆ ಮಲಗಿದ್ದರು. ಬಿಸಿಲು ಹೊಂಗೆಮರದ ಎಲೆಗಳಿಂದ ಸೋಸಿ ಅವರ ಎಡಪಾದದ ಮೇಲೆ ಆಡುತ್ತಿತ್ತು. ಕಿರುಬೆರಳಿನ ಜಾಗದಲ್ಲಿ ಹೊಸ ಚರ್ಮ, ಮಗುವಿನದರಂತೆ ತೆಳ್ಳಗೆ. ಬಲಗೈ ಚಾಪೆಯಿಂದಾಚೆ ಚಾಚಿಕೊಂಡಿತ್ತು, ಅಂಗೈ ಮೇಲಾಗಿ. ಬಾಗಿಲಲ್ಲಿ ನಿಂತಿದ್ದ ಗೌರಕ್ಕ ಮಾತಾಡಬೇಡ ಎಂದು ಸನ್ನೆ ಮಾಡಿದರು. ನಾನು ಪೊಟ್ಟಣ ಬಿಚ್ಚಿ, ಮಂಡಿಯೂರಿ, ಆ ಅಂಗೈ ಮೇಲೆ ಒಂದು ಚಿಟಿಕೆ ಇಟ್ಟೆ.

ಬೆರಳುಗಳು ಅಲುಗಿದವು. ಕಣ್ಣು ತೆರೆಯದೆಯೇ ಸಾರ್ ಕೈಯನ್ನು ಮೂಗಿನ ಬಳಿಗೆ ತಂದರು. ಆಮೇಲೆ ಬಾಯಿಗೆ. ಒಂದು ಕಾಗೆ ಕೂಗಿ ಹಾರಿಹೋಯಿತು.

"ಇಪ್ಪತ್ತಲ್ಲ," ಎಂದರು ಸಾರ್. ಇನ್ನೊಮ್ಮೆ ನಾಲಿಗೆ ಆಡಿಸಿದರು. "ಇಪ್ಪತ್ತೈದು." ಕಣ್ಣು ತೆರೆದು ನನ್ನನ್ನು ನೋಡಿದರು. ಮೀಸೆಯ ಕೆಳಗೆ ನಗು ಹುಟ್ಟುತ್ತಿತ್ತು.

"ಜಯಮ್ಮ, ನನ್ನೇ ಪರೀಕ್ಷೆ ಮಾಡಾಕೆ ಬಂದಿದ್ದೀಯೇನಮ್ಮ?"

ನಾನು ಪೊಟ್ಟಣವನ್ನು ಗೌರಕ್ಕನ ಕೈಗೆ ಕೊಟ್ಟೆ. ಗೌರಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನೀರು ಕಾಯಿಸಲು ಒಳಗೆ ಹೋದರು.